ನೋಡಿದ ಮೂಲೆಗೆ ಬಾರದ ಚೆಂಡು

ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ಪೆನಾಲ್ಟಿ ಹೊಡೆಯುವ ಆಸೆ ಹುಟ್ಟಿದೆ ಎಂದು ಕೇಳಿದ ದಿನ ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು. ಯಾಕೆಂದರೆ ತಂಡದ ಗೋಲ್‌ಕೀಪರ್ ನಾನು.

ಅಬುಧಾಬಿಯಲ್ಲಿ ಪ್ರತಿ ಚಳಿಗಾಲ ಆಸ್ಪತ್ರೆಗಳ ಹೆಂಗಸರಿಗೆಂದು ಒಂದು ಫುಟ್‌ಬಾಲ್ ಟೂರ್ನಿ ನಡೆಯುತ್ತದೆ. ಸೆಕೆ ಇನ್ನೂ ಬಿಡದ ಸೆಪ್ಟೆಂಬರಿನಲ್ಲೇ ಖಲೀಫಾ ಸಿಟಿಯ ಬಾಡಿಗೆ ಮೈದಾನದಲ್ಲಿ ನಮ್ಮ ಅಭ್ಯಾಸ ಶುರುವಾಗುತ್ತದೆ. ಟೂರ್ನಿಯಲ್ಲಿ ಆಟ ಸಮವಾದರೆ ಹೆಚ್ಚುವರಿ ಸಮಯವಿಲ್ಲ, ನೇರ ಪೆನಾಲ್ಟಿ. ಹಾಗಾಗಿ ಹೊಡೆಯುವವರು ಯಾರು ಎಂಬುದು ದೊಡ್ಡ ವಿಷಯ. ಆ ವರ್ಷ ಇಬ್ಬರು ಪೈಪೋಟಿಗೆ ನಿಂತಿದ್ದರು: ಎಕ್ಸ್‌ರೇ ವಿಭಾಗದ ಫಿಲಿಪಿನೋ ಹೆಂಗಸು ಮತ್ತು ನಮ್ಮ ಇನ್‌ಚಾರ್ಜ್. ಕೋಚ್ ಎಂದರೆ ನಮ್ಮ ಲ್ಯಾಬಿನ ಟೆಕ್ನಿಷಿಯನ್, ಉಳ್ಳಾಲದವರು. ಎಷ್ಟು ಗೋಲಾಯಿತೆಂದು ಅವರು ಎಣಿಸುವುದಿಲ್ಲ. ಕೊನೆಗೆ ಕೀಪರನ್ನು ಕರೆದು, "ಯಾರ ಬಾಲಿಗೆ ಹೆದರಿಕೆ ಆಗ್ತದೆ ಸಿಸ್ಟರ್?" ಎಂದು ಕೇಳುತ್ತಾರೆ, ಅಷ್ಟೆ.

ಇನ್‌ಚಾರ್ಜ್ ಉಡುಪಿ ಕಡೆಯವಳು. ಎದುರಿಗೆ ಅಕ್ಕ, ನನ್ನ ಮನಸ್ಸಿನಲ್ಲಿ ಬರೀ ಅವಳು. ಹಿಂದಿನ ವರ್ಷ ನನ್ನ ತಂಗಿಯ ಮದುವೆಗೆ ರಜೆ ಮಂಜೂರಾಗಿ, ಟಿಕೆಟೂ ಆಗಿ, ಇನ್ನೇನು ಹೊರಡಬೇಕು ಎನ್ನುವಾಗ "ಸ್ಟಾಫ್ ಇಲ್ಲ ಮಾರಾಯ್ತಿ, ಎಂಥ ಮಾಡುವುದು?" ಎಂದು ರದ್ದು ಮಾಡಿದಳು. ಅದೇ ವಾರ ಅಣ್ಣನ ಹೊಸ ಮನೆಯ ಒಕ್ಕಲಿಗೆಂದು ತಾನು ಊರಿಗೆ ಹೋಗಿ ಬಂದು ವಾರ್ಡಿಗೆಲ್ಲ ಮೈಸೂರು ಪಾಕ್ ಹಂಚಿದಳು. ನಾನೂ ಒಂದು ತುಂಡು ತಿಂದೆ. ಅದಕ್ಕಾಗಿ ನನ್ನ ಮೇಲೇ ನನಗೆ ಸಿಟ್ಟಿದೆ. ಮದುವೆಯ ಮುನ್ನಾದಿನ ನಮ್ಮ ಕ್ರಿಶ್ಚಿಯನ್ನರಲ್ಲಿ ರೋಸ್, ಅಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನಮಗೆ ಅಮ್ಮ ಇಲ್ಲ, ಹಾಲು ಮೊದಲು ಹಚ್ಚಬೇಕಾಗಿದ್ದವಳು ನಾನು. ಆಸ್ಪತ್ರೆಯ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತು ಅದನ್ನು ಫೋನಿನಲ್ಲಿ ನೋಡಿದೆ. ತಂಗಿ ಆಚೆಯಿಂದ ಪರದೆಯಲ್ಲಿ ನನ್ನನ್ನೇ ಹುಡುಕುತ್ತಿದ್ದಳು.

ಇನ್‌ಚಾರ್ಜ್ ಕೈಕೆಳಗೆ ದುಡಿದವರಿಗೆಲ್ಲ ಒಂದು ವಿದ್ಯೆ ತಾನಾಗಿ ಬಂದುಬಿಡುತ್ತದೆ. ಡ್ಯೂಟಿ ಹಾಕುವ ಮೊದಲು ಅವಳು ಯಾರನ್ನು ನೋಡಿ ಸಿಹಿಯಾಗಿ ನಗುತ್ತಾಳೋ ಅವರಿಗೆ ರಜೆ ಇಲ್ಲ. ಪೆನಾಲ್ಟಿಯಲ್ಲೂ ಅದೇ ಬುದ್ಧಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಆಯ್ಕೆಯ ದಿನ ಮೊದಲ ಚೆಂಡಿಗೆ ಅವಳು ನನ್ನ ಎಡಗಡೆಯ ಕಂಬವನ್ನು ಬಹಳ ಪ್ರೀತಿಯಿಂದ ನೋಡಿದಳು. ನಾನು ಬಲಕ್ಕೆ ಹಾರಿದೆ. ಚೆಂಡು ಬಂದು ಕೈಸೇರಿತು. ಎರಡನೆಯದಕ್ಕೆ ಬಲಗಡೆ ನೋಡಿದಳು, ನಾನು ಎಡಕ್ಕೆ ಬಿದ್ದೆ. ಮೂರನೆಯದು ಹಿಡಿದಾಗ ಅವಳ ಮುಖ ಕೆಂಪಾಯಿತು. ಮೊಣಕೈ ತರಚಿ ರಕ್ತ ಬರುತ್ತಿದ್ದರೂ ನನಗೆ ನೋವೇ ಗೊತ್ತಾಗಲಿಲ್ಲ. ಫಿಲಿಪಿನೋ ಹೆಂಗಸು ನೋಡಿದ ಕಡೆಗೇ ಹೊಡೆಯುತ್ತಿದ್ದಳು, ಆದರೂ ಅರ್ಧಕ್ಕರ್ಧ ನನ್ನನ್ನು ದಾಟಿ ಹೋಯಿತು.

ಕೋಚ್ ಎಂದಿನಂತೆ ಕೇಳಿದರು. ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಅಕ್ಕನ ಬಾಲಿಗೆ ನನಗೆ ಸ್ವಲ್ಪವೂ ಹೆದರಿಕೆ ಇಲ್ಲ."

"ಹಾಗಾದ್ರೆ ಖಲಾಸ್, ಎಕ್ಸ್‌ರೇಯವರೇ ಹೊಡೀಲಿ," ಎಂದರು ಅವರು.

ಹಿಂದಿರುಗುವಾಗ ನಾನು ಅವಳ ಕಾರಿನಲ್ಲೇ ಬರಬೇಕು, ಇಬ್ಬರ ಮನೆಯೂ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಸಿಗ್ನಲ್ಲಿನಲ್ಲಿ ನಿಂತಾಗ ಅವಳೇ ಬಾಯಿಬಿಟ್ಟಳು.

"ನನ್ನ ಮೇಲೆ ಎಂಥ ಸಿಟ್ಟು ಮಾರಾಯ್ತಿ ನಿನಗೆ? ಒಂದು ಬಾಲ್ ಆದ್ರೂ ಬಿಡಬಾರ್ದಿತ್ತಾ?"

"ತಂಗಿಯ ಮದುವೆಗೆ ಬಿಡ್ಲಿಲ್ಲ ಅಲ್ವಾ ಅಕ್ಕ, ನೀವು?" ಎಂದೆ. ಎಷ್ಟೋ ತಿಂಗಳಿಂದ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತು.

ಅವಳು ನನ್ನ ಕಡೆ ತಿರುಗಿದಳು. ನಟನೆಯಲ್ಲ, ನಿಜವಾಗಿಯೂ ಯೋಚಿಸುತ್ತಿದ್ದಳು.

"ನಿನಗೆ ತಂಗಿ ಉಂಟಾ?"

ಹಸಿರು ದೀಪ ಬಂತು, ಕಾರು ಹೊರಟಿತು. ನನಗೆ ಮೈಯೆಲ್ಲ ಉರಿಯಿತು. ನಾನು ದಿನವೂ ಉಪ್ಪು ಖಾರ ಹಾಕಿ ಬೆಳೆಸಿಕೊಂಡು ಬಂದ ಸಿಟ್ಟು ಅವಳ ಮಟ್ಟಿಗೆ ಇರಲೇ ಇಲ್ಲ. ಹಿಡಿದ ಚೆಂಡುಗಳೆಲ್ಲ ದಂಡ. ಯಾಕೆ ಏಟು ಬಿತ್ತೆಂದೇ ಗೊತ್ತಿಲ್ಲದವಳಿಗೆ ಏಟು ಕೊಟ್ಟು ಏನು ಪ್ರಯೋಜನ?

ಮನೆಗೆ ಬಂದವಳೇ ಕೋಚ್‌ಗೆ ಫೋನ್ ಮಾಡಿದೆ. "ಪಾಪ, ಅಕ್ಕನಿಗೆ ಬೇಜಾರಾಗಿದೆ. ಇನ್ನೊಂದು ಅವಕಾಶ ಕೊಡಿ," ಎಂದೆ.

"ನಿಮ್ಮದು ದೊಡ್ಡ ಮನಸ್ಸು ಸಿಸ್ಟರ್," ಎಂದರು. ನಾನು ಅಲ್ಲವೆನ್ನಲಿಲ್ಲ.

ಮುಂದಿನ ಶನಿವಾರ ಅವಳು ಹೊಸ ಬೂಟು ಹಾಕಿಕೊಂಡು ಬಂದಳು. ಮೊದಲ ಚೆಂಡು ಹಿಡಿದು ಎದ್ದು ನಿಂತು ನನ್ನ ತಂಗಿಯ ಹೆಸರನ್ನು ಕೂಗಿದೆ, ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಎರಡನೆಯದಕ್ಕೂ ಕೂಗಿದೆ. ಕೋಚ್ ಗಾಬರಿಯಿಂದ ಹತ್ತಿರ ಬಂದರು, ಫಿಲಿಪಿನೋ ಹೆಂಗಸು ನಕ್ಕಳು. ನಾನು ನಿಲ್ಲಿಸಲಿಲ್ಲ. ಕೊನೆಯ ಚೆಂಡಿಗೆ ಇನ್‌ಚಾರ್ಜ್ ಕಂಬಗಳನ್ನು ನೋಡುವುದನ್ನೇ ಬಿಟ್ಟು ನನ್ನನ್ನೇ ನೋಡುತ್ತಾ ಹೊಡೆದಳು. ಚೆಂಡು ನೇರ ನನ್ನ ಎದೆಗೆ ಬಂತು. ಅದನ್ನು ಅವುಚಿಕೊಂಡು ಈ ಸಲ ನಾನು ಸುಮ್ಮನೆ ನಿಂತೆ, ಕಾಯುತ್ತಾ.

ಆ ಹೆಸರನ್ನು ಅವಳೇ ಹೇಳಿದಳು, ಮೆಲ್ಲಗೆ, ತಪ್ಪಿಲ್ಲದೆ.