ಕಣದ ಟ್ರ್ಯಾಕಿನ ಬೂದುಗುಂಬಳ

ದಾಸಪ್ಪ ಹುಟ್ಟಿದಾಗಿನಿಂದ ಒಂದೇ ಜಾಗದಲ್ಲಿ ಸುತ್ತು ಹೊಡೀತಿದ್ದಾನೆ ಅಂತ ಬೆಂಗಳೂರಿನ ಹೂಡಿ ಕಡೆ ಜನ ತಮಾಷೆ ಮಾಡುತ್ತಾರೆ. ತಮಾಷೆ ಏನು ಬಂತು, ನಿಜವೇ. ಅವನು ಹುಡುಗನಾಗಿದ್ದಾಗ ಅದು ಅವರ ಮನೆಯ ರಾಗಿ ಕಣ. ಗುಂಡು ಎಳೆಯೋ ಎತ್ತುಗಳ ಹಿಂದೆ ಸುತ್ತಿದ. ಆಮೇಲೆ ಸುತ್ತಮುತ್ತ ಟೆಕ್ ಪಾರ್ಕುಗಳು ಎದ್ದವು. ರಾಜಕಾಲುವೆ ಪಕ್ಕದ ಈ ತುಂಡಿಗೆ ಮಾತ್ರ ಕಟ್ಟಡದ ಪರ್ಮಿಷನ್ ಸಿಗಲಿಲ್ಲ. ದಾಸಪ್ಪ ಒಂದು ಹಳೇ ಮಾರುತಿ ತಂದು ಡ್ರೈವಿಂಗ್ ಸ್ಕೂಲ್ ತೆರೆದ. "ಕ್ಲಚ್ ನಿಧಾನಕ್ಕೆ ಬಿಡಿ ಸಾರ್, ಒಸಾ ಸೊಸೆ ಒಸ್ಲು ದಾಟ್ದಂಗೆ!" ಅಂತ ಕೂಗುತ್ತಾ ಮತ್ತೆ ಅದೇ ಸುತ್ತು.

ಕಲಿತ ಹುಡುಗರು ಸುಮ್ಮನಿರ್ತಾರಾ? ಭಾನುವಾರ ತಮ್ಮ ತಮ್ಮ ಡಕೋಟ ಕಾರು ತಂದು ಅಲ್ಲೇ ಪಂದ್ಯ ಕಟ್ಟಿದರು. ದಾಸಪ್ಪನಿಗೂ ಹುಚ್ಚು ಹಿಡಿಯಿತು. ಕೆಮ್ಮಣ್ಣು ಸುರಿಸಿ, ಟ್ಯಾಂಕರ್ ನೀರು ಹೊಡೆಸಿ, ರೋಲರ್ ಹಾಯಿಸಿದ. ಮೊಟ್ಟೆ ಆಕಾರದ ದಾರಿಯಾಯಿತು, ತಿರುವುಗಳಿಗೆ ಹಳೇ ಟೈರುಗಳ ಗೋಡೆ ಬಂತು. ಜನ ಅದನ್ನ ಕಣದ ಟ್ರ್ಯಾಕು ಅಂದರು.

ಅಲ್ಲಿ ದಾಸಪ್ಪನ ಮಾತೇ ಕಾನೂನು. ಎಲ್ಲಕ್ಕಿಂತ ದೊಡ್ಡ ಕಾನೂನು ಅಂದರೆ ಪೂಜೆ, ತೆಂಗಿನಕಾಯಿ, ನಿಂಬೆಹಣ್ಣು ಏನಿದ್ದರೂ ಗೇಟಿನಾಚೆ. ಹಿಂದೊಮ್ಮೆ ತೆಂಗಿನ ಚಿಪ್ಪು ಹೊಕ್ಕು ಟೈರು ಸಿಡಿದಿತ್ತು. ಅವತ್ತಿನಿಂದ ಈ ವಿಷಯದಲ್ಲಿ ದೇವರಿಗೂ ರಿಯಾಯಿತಿ ಇರಲಿಲ್ಲ.

ಆಯುಧಪೂಜೆ ಕಳೆದ ಭಾನುವಾರ ಅಲ್ಲಿ ವರ್ಷದ ದೊಡ್ಡ ಪಂದ್ಯ. ಈ ಸಲ ಗೆಲ್ಲೋನು ಅಂತ ಎಲ್ಲರ ಬಾಯಲ್ಲೂ ಸಂಗಣ್ಣನ ಹೆಸರು. ಯಾದಗಿರಿ ಕಡೆಯವನು, ಇಲ್ಲೇ ಗ್ಯಾರೇಜಿನಲ್ಲಿ ವೆಲ್ಡರ್. ಗುಜರಿ ಸಾಮಾನು ಜೋಡಿಸಿ ಜೋಡಿಸಿ ಕಾರು ಕಟ್ಟಿದ್ದ, ಒಮ್ಮೆಯೂ ಗೆದ್ದಿರಲಿಲ್ಲ. ಅವನ ಹೆಂಡತಿ ಚನ್ನಕ್ಕ ದೃಷ್ಟಿ ತೆಗೆಯೋಕೆ ಅಂತ ಕುಂಕುಮ ತುಂಬಿದ ಬೂದುಗುಂಬಳ ಹೊತ್ತು ಒಳಗೆ ಬಂದಳು. ದಾಸಪ್ಪ ಕಂಡದ್ದೇ ಹಾರಿಬಿದ್ದ.

"ಏಯ್ ಅಮ್ಮ! ಇದು ರೇಸ್ ಟ್ರ್ಯಾಕು, ನಿಮ್ಮೂರ ಸಂತೆ ಅಲ್ಲ. ಆಚೆ ಒಡ್ಕಾ ಓಗು!"

ಅಷ್ಟು ಜನರೆದುರು. "ಆತ್ರಿ ಯಜಮಾನ್ರ" ಅಂದು ಅವಳು ಗೇಟಿನಾಚೆ ಹೋಗಿ ಒಡೆದು, ಚೂರುಗಳನ್ನೂ ಗುಡಿಸಿ ಬಂದಳು.

ಮಧ್ಯಾಹ್ನ ಕಾರುಗಳು ಸಾಲಿಗೆ ನಿಂತವು. ಸಂಗಣ್ಣನ ಪಕ್ಕದಲ್ಲೇ ವೇಣಿ, ದಾಸಪ್ಪನ ಮಗಳು, ಅಪ್ಪನ ಹತ್ತಿರವೇ ಸ್ಟಿಯರಿಂಗ್ ಹಿಡಿದವಳು. ದಾಸಪ್ಪನ ಹಿಂದೆ ಯಾರೋ, "ಏನ್ ಓಡಿಸ್ತಾಳೆ ಗುರು ಆ ಹುಡ್ಗಿ, ಸಕ್ಕತ್!" ಅಂದರು. ಕಣ್ಣು ಬಿತ್ತಲ್ಲಪ್ಪಾ ಮಗಳ ಮೇಲೆ! ಮನೆಗೆಂದು ತಂದಿಟ್ಟಿದ್ದ ಬೂದುಗುಂಬಳ ಶೆಡ್ಡಿನಲ್ಲಿತ್ತು. ಗೇಟಿಗೆ ಹೋಗೋಣ ಅಂದರೆ ಜನ ಕಿಕ್ಕಿರಿದಿದ್ದಾರೆ. ಎಲ್ಲರೂ ಸಾಲಿನ ಕಡೆ ನೋಡುತ್ತಿದ್ದಾಗ ಅವನು ಅದಕ್ಕೆ ಕುಂಕುಮ ತುಂಬಿ, ಎತ್ತಿಕೊಂಡು ಹಿಂದಿನ ತಿರುವಿಗೆ ಹೋದ. ಮಗಳ ಕಾರಿನ ದಿಕ್ಕಿಗೆ ನಿವಾಳಿಸಿ, ಟ್ರ್ಯಾಕಿನ ಮೇಲೇ, ಅಂಚಿಗೆ ಕುಕ್ಕಿದ. ಹೋಳುಗಳನ್ನ ಕಾಲಿಂದ ಪಕ್ಕಕ್ಕೆ ತಳ್ಳಿದ. ತಿರುಳು ಅಲ್ಲೇ ಉಳಿಯಿತು.

ಕೊನೇ ಸುತ್ತಿನವರೆಗೂ ಸಂಗಣ್ಣನೇ ಮುಂದೆ. ಅದೇ ತಿರುವಿನಲ್ಲಿ, ವೇಣಿಗೆ ದಾರಿ ಬಿಡಬಾರದು ಅಂತ ಅದುವರೆಗೆ ಯಾರೂ ತುಳಿಯದ ಅಂಚಿಗೆ ಸರಿದಾಗ, ಅವನ ಚಕ್ರ ತಿರುಳಿಗೆ ಸಿಕ್ಕಿತು. ಕಾರು ಜಾರಿ, ಗಿರಕಿ ಹೊಡೆದು, ಟೈರುಗಳ ಗೋಡೆಗೆ ಮೂತಿ ಗುದ್ದಿಕೊಂಡಿತು. ವೇಣಿ ಪಕ್ಕದಲ್ಲಿ ನುಗ್ಗಿ ಗೆದ್ದಳು. ಆ ಒಂದು ಗಳಿಗೆ ದಾಸಪ್ಪನಿಗೆ ಖುಷಿಯೇ ಆಯಿತು. ಮರುಗಳಿಗೆಗೆ ತನ್ನ ಖುಷಿ ಕಂಡು ತನಗೇ ಹೇಸಿಗೆಯಾಯಿತು.

ಸಂಗಣ್ಣನಿಗೆ ಪೆಟ್ಟಾಗಿರಲಿಲ್ಲ. ಓಡಿಹೋದ ಹುಡುಗರಿಗೆ ಬೀಜ, ಕುಂಕುಮ ಕಂಡಿತು. "ಯಾರ್ ಮಗಾ ಇಲ್ಲಿ ಕುಂಬಳಕಾಯಿ ಒಡ್ದಿರೋದು?" ಎಲ್ಲರ ಕಣ್ಣೂ ಚನ್ನಕ್ಕನ ಮೇಲೆ. ಸಂಗಣ್ಣ ಕೆರಳಿದ.

"ಗಂಡನ್ನ ಕೆಡವಾಕ ಒಡದೇನ? ಹೇಳಿದ್ರೂ ಬುದ್ಧಿ ಇಲ್ಲೇನ ನಿನಗ?"

"ನಾ ಹೊರಗ ಒಡದೀನಿ. ಬೇಕಾದ್ರ ಯಜಮಾನ್ರನ್ನ ಕೇಳ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ದಾಸಪ್ಪ ಅವನಿಗಿಂತ ಜಾಣ. ಕೆಂಪು ಕೈಯನ್ನ ಪಂಚೆಯ ಹಿಂದಕ್ಕೆ ಒರೆಸಿಕೊಂಡು, "ಓಗ್ಲಿ ಬುಡ್ರಪ್ಪಾ, ತಿಳೀದೆ ಮಾಡವ್ಳೆ. ನಾನು ಕ್ಷಮಿಸಿವ್ನಿ," ಅಂದುಬಿಟ್ಟ. ಥೂ, ಅವನ ಬಾಯಿಗೆ ಮಣ್ಣು ಹಾಕ! ಜನ ದೊಡ್ಡ ಮನಸ್ಸು ಅಂತ ಚಪ್ಪಾಳೆ ತಟ್ಟಿದರು. ಸಂಗಣ್ಣ ಬಂದು, "ನಮ್ಮಾಕಿ ತಪ್ಪಾತ್ರಿ," ಅಂತ ಕಾಲು ಮುಟ್ಟಿದ.

ಗೆದ್ದವರಿಗೆ ಕಪ್ಪು ಕೊಡಬೇಕಾದವನು ದಾಸಪ್ಪನೇ. ವೇಣಿ ಮುಖವರಳಿಸಿಕೊಂಡು, "ಎಲ್ಲಾ ನೀನ್ ಹೇಳ್ಕೊಟ್ಟಿದ್ದೇ ಅಪ್ಪಾ," ಅಂದಳು. ದಾಸಪ್ಪನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅವಳ ಮುಖ ನೋಡಲಾರದೆ ದೂರಕ್ಕೆ ಕಣ್ಣು ಹಾಯಿಸಿದ. ತಿರುವಿನಲ್ಲಿ ಚನ್ನಕ್ಕ ಕುಕ್ಕರುಗಾಲಲ್ಲಿ ಕೂತು, ತಾನು ಒಡೆಯದ ಕಾಯಿಯ ತಿರುಳನ್ನ ಬರಿಗೈಲಿ ಬಾಚುತ್ತಿದ್ದಳು.

ದಾಸಪ್ಪ ಮೈಕ್ ಕಿತ್ತುಕೊಂಡ. "ಕಾಯಿ ಒಡ್ದಿದ್ದು ಆಯಮ್ಮ ಅಲ್ಲ. ನಾನು."

ವೇಣಿ ಕಪ್ಪನ್ನ ಮೇಜಿನ ಮೇಲಿಟ್ಟು, ಅಪ್ಪನ ಕಡೆ ನೋಡದೆ ವೇದಿಕೆಯಿಂದ ಕೆಳಗಿಳಿದಳು. ಅವನು ಟ್ರ್ಯಾಕು ದಾಟಿ ಚನ್ನಕ್ಕನ ಮುಂದೆ ಕೈಮುಗಿದು ನಿಂತ.

"ತಪ್ಪಾಯ್ತು ಕಣವ್ವಾ. ಮಗಳ ಮೇಲಿನ ಆಸೆ, ಬುದ್ಧಿ ಕೆಡ್ತು. ಕಪ್ಪು ನಿಮ್ಮನೆಯೋರ್ದೇ."

ಚನ್ನಕ್ಕ ಬಾಚುವುದನ್ನ ನಿಲ್ಲಿಸಲಿಲ್ಲ.

"ಕಾಯಿ ಒಡದದ್ದಕ್ಕ ನನಗ ಸಿಟ್ಟಿಲ್ರಿ. ಮಗಳ ಸಲುವಾಗಿ ಯಾರಾದ್ರೂ ಒಡೀತಾರ. ಆದ್ರ ನಾ ಮಾಡಲಾರದ ತಪ್ಪಿಗಿ ಮಂದಿ ಮುಂದ ನನಗ ಮಾಫಿ ಕೊಟ್ರಲ್ಲ, ಅದನ್ನ ತಗೊಂಡು ನಾ ಏನ್ ಮಾಡ್ಲಿ?"

ದಾಸಪ್ಪ ಅವಳ ಪಕ್ಕ ಕೂತು ತಾನೂ ಬಾಚೋಕೆ ಕೈಹಾಕಿದ.

"ನೀವು ಮುಟ್ಟಬ್ಯಾಡ್ರಿ," ಅಂದಳು ಅವಳು. ಅವನು ಕೈ ಹಿಂದಕ್ಕೆ ತಗೊಂಡ.