ಎಂಟು ಸೀರೆಯ ಜೋಳಿಗೆಗಳು

ಜೂನ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ತಾರ್ನಾಕದ ನಮ್ಮ ಶಿಶುಮನೆಯಲ್ಲಿ ಹಾಜರಿದ್ದವರು ನಾನು, ಆಯಾ ಸಕ್ಕೂಬಾಯಿ, ತೊಲೆಗೆ ಜೋತುಬಿದ್ದ, ಕೂಸು ಮಲಗಿಸುವ ಎಂಟು ಸೀರೆಯ ಜೋಳಿಗೆಗಳು. ಕೂಸುಗಳಿರಲಿಲ್ಲ. ಅದಕ್ಕೇ ಇರಬೇಕು, ಹಾಲು, ಬೆವರು, ಸಿಮೆಂಟು ಬೆರೆತ ಆ ಸೀರೆಗಳ ವಾಸನೆ ಅಂದು ಮೂಗಿಗೆ ಗಟ್ಟಿಯಾಗಿ ಬಡಿಯಿತು.

ಈ ವಾಸನೆಯ ಮೇಲೆ ನಾನೊಮ್ಮೆ ಯುದ್ಧ ಸಾರಿದ್ದೆ. ಮೂವತ್ತು ವರ್ಷ ಶಾಲೆಯ ಗಂಟೆಗೆ ಬದುಕಿದವಳು ನೋಡಿ. ನಿವೃತ್ತಿಯಾದ ಮೇಲೂ ಹಸಿವಾಗಲಿ ಬಿಡಲಿ, ಎಂಟಕ್ಕೆ ತಿಂಡಿ ತಿನ್ನುತ್ತೇನೆ. ಕಟ್ಟಡದ ಕೆಲಸಕ್ಕೆಂದು ಈ ತೆಲುಗು ಊರಿಗೆ ಬಂದ ಯಾದಗಿರಿ ಕಡೆಯ ಹೆಂಗಸರ ಕೂಸುಗಳಿಗಾಗಿ ಹೊರದೇಶದ ಹಣದಲ್ಲಿ ಈ ಶಿಶುಮನೆ ಶುರುವಾದಾಗ ಉಸ್ತುವಾರಿ ನನ್ನ ಪಾಲಿಗೆ ಬಂತು. ಒಬ್ಬೊಬ್ಬ ತಾಯಿಯೂ ತಾನುಟ್ಟು ಹಳತಾದ ಸೀರೆ ತಂದು ಜೋಳಿಗೆ ಕಟ್ಟಿದಳು. ಮೊದಲ ಶನಿವಾರವೇ ನಾನು ಎಲ್ಲವನ್ನೂ ಸೋಡಾ ಹಾಕಿ ಕುದಿಸಿ, ಒಗೆಸಿ, ಇಸ್ತ್ರಿ ಮಾಡಿಸಿದೆ. ಸೋಮವಾರ ಒಂದು ಕೂಸೂ ಮಲಗಲಿಲ್ಲ. ಎಂಟೂ ಸೇರಿ ಅತ್ತ ಅಳುವಿಗೆ ಪಕ್ಕದ ಮನೆಯವರು ಬಂದು ಇಣುಕಿದರು. ಸಂಜೆ ತನ್ನ ಮಗನನ್ನು ಒಯ್ಯಲು ಬಂದ ಮಲ್ಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಕ್ಕೋರ, ಕೂಸಿಗೆ ಅವ್ವನ ವಾಸನಿ ಬೇಕ್ರೀ. ನೀವು ನಮ್ಮನ್ನ ತೊಳದು ಗಟಾರಕ್ಕ ಬಿಟ್ಟೀರಲ್ಲ!"

ಆಮೇಲೆ ಅವರೇ ಒಂದು ಪದ್ಧತಿ ಮಾಡಿಕೊಂಡರು. ಒಗೆದ ಸೀರೆಯನ್ನು ಒಂದು ದಿನ ತಾಯಿ ಉಡಬೇಕು, ಮರುದಿನ ತಂದು ಕಟ್ಟಬೇಕು. ಸೋತ ನಾನು ನನ್ನ ವೇಳಾಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಬಿಟ್ಟೆ.

ಮಲ್ಲಮ್ಮನ ಮಗಳು ನಿಂಗಿ. ಶಿಶುಮನೆ ಬರುವ ಮೊದಲು ಅವಳ ಸೊಂಟವೇ ತಮ್ಮನ ತೊಟ್ಟಿಲು. ತಮ್ಮ ಇಲ್ಲಿಗೆ ಬಂದ ಮೇಲೆ ಅವಳು ಮತ್ತೆ ಶಾಲೆಗೆ ಹೋದಳು. ಸಂಜೆ ಬಂದು ಗೋಡೆಗೊರಗಿ ತೆಲುಗು ಪಾಠವನ್ನು ಓಣಿಗೆಲ್ಲ ಕೇಳುವಂತೆ ಓದುತ್ತಿದ್ದಳು. ನಡೆಯುವಾಗ ಮಾತ್ರ, ಕೂಸಿಲ್ಲದಿದ್ದರೂ, ಒಂದು ಸೊಂಟ ಹೊರಗೆ ಚಾಚಿಯೇ ಇರುತ್ತಿತ್ತು. "ನೆಟ್ಟಗೆ ನಡಿಯೇ" ಎಂದು ಗದರುತ್ತಿದ್ದೆ. ಈ ವರ್ಷ ಅವಳಿಗೆ ಆರನೆಯ ತರಗತಿ.

ಕಳೆದ ವಾರ ಕಾಗದ ಬಂತು. ನಮಗೆ ಹಣ ಕಳಿಸುವ ದೇಶದವರು ಹೊರಗಿನವರಿಗೆ ಕೊಡುತ್ತಿದ್ದ ನೆರವನ್ನು ನಿಲ್ಲಿಸಿದ್ದಾರೆ, ತಿಂಗಳ ಕೊನೆಗೆ ಬಾಗಿಲು ಹಾಕಿ ಎಂದು. ನಾಲ್ಕೇ ಸಾಲು. ಅದರಲ್ಲಿ ಕೂಸುಗಳ ಮಾತಿತ್ತು, ಅಕ್ಕಂದಿರ ಮಾತಿರಲಿಲ್ಲ.

ಆ ಭಾನುವಾರ ತಾಯಂದಿರು ಬಂದು ತಂತಮ್ಮ ಸೀರೆ ಬಿಚ್ಚಿಕೊಂಡು ಹೋದರು. ಒಗೆಸಿ ಕೊಡಬೇಕೆಂದು ಕೈ ತುರಿಸಿತು, ಹಾಗೇ ಮಡಿಸಿ ಕೊಟ್ಟೆ. ಕೊನೆಗೆ ಬಂದವರು ಮಲ್ಲಮ್ಮ ಮತ್ತು ನಿಂಗಿ. ನಿಂಗಿಯ ಸೊಂಟದಲ್ಲಿ ತಮ್ಮ, ಬೆನ್ನಿಗೆ ಪುಸ್ತಕ ತುಂಬಿದ ಪಾಟಿಚೀಲ.

"ಯಾ ಊರಿನವರ್ರೀ ಅವರು? ನಾವೇನ ಮಾಡಿದ್ವಿ ಅವರಿಗೆ?" ಎಂದಳು ಮಲ್ಲಮ್ಮ.

"ನಾಳೆಯಿಂದ ಕೂಸು?" ಎಂದೆ.

"ನಿಂಗಿ ಅದಾಳಲ್ಲರಿ."

"ಅವಳ ಅಣ್ಣ ದೇವು ಇದ್ದಾನಲ್ಲ? ಒಂದು ದಿನ ಅವನು, ಒಂದು ದಿನ ಇವಳು..."

"ಏ, ಗಂಡ್ಹುಡುಗ ಸಾಲಿ ಬಿಟ್ಟು ಕೂಸು ಆಡಸ್ಕೊಂತ ಕುಂದ್ರತಾನೇನ್ರಿ?" ನಕ್ಕಳು, ಈ ಸಲ ಹೊಟ್ಟೆ ಹಿಡಿದುಕೊಳ್ಳಲಿಲ್ಲ. "ನನಗೂ ಸಂಕಟ ಆಗ್ತೈತ್ರಿ. ನಾ ಕೂಲಿ ಬಿಟ್ರ ಒಲಿ ಹತ್ತಂಗಿಲ್ಲ."

ನಾನೇ ಇಟ್ಟುಕೊಳ್ಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಪ್ಪತ್ತೆರಡರ ನನ್ನ ಮಂಡಿಗಳು ಅದನ್ನು ಅಲ್ಲೇ ನಿಲ್ಲಿಸಿದವು.

ನಿಂಗಿ ಬೆನ್ನಿನ ಪಾಟಿಚೀಲ ಕಳಚಿ ನನ್ನ ಮುಂದೆ ಇಟ್ಟಳು. "ಅಕ್ಕೋರ, ಇದು ನಿಮ್ಮ ಮನ್ಯಾಗ ಇರ್ಲಿರಿ. ನಮ್ಮಲ್ಲಿ ತಮ್ಮ ಹರದಬಿಡ್ತಾನ."

ಬಿಚ್ಚಿದ ಜೋಳಿಗೆಯ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಸೊಂಟ ಚಾಚಿ ಹೊರಟಳು. ನೆಟ್ಟಗೆ ನಡಿ ಎನ್ನಲಿಲ್ಲ ನಾನು.

ಸಕ್ಕೂಬಾಯಿ ನೆಲ ಒರೆಸಿದಳು. ಬೀಗ ಹಾಕಿ, ಕೀಲಿಯನ್ನು ಮನೆಯೊಡೆಯರಿಗೆ ಒಪ್ಪಿಸಿ ಬಂದೆ. ಊಟದ ಹೊತ್ತು ಮೀರಿತ್ತು. ಎಷ್ಟು ಮೀರಿತೆಂದು ನೋಡಲಿಲ್ಲ. ಸಂಜೆ ನಿಂಗಿಯ ಪುಸ್ತಕಗಳಿಗೆಲ್ಲ ಖಾಕಿ ಕಾಗದದ ಹೊದಿಕೆ ಹಾಕಿ, ಒಂದೊಂದರ ಮೇಲೂ ತೆಲುಗಿನಲ್ಲಿ ಅವಳ ಹೆಸರು ಬರೆದೆ. ಹೆಸರಿನ ಕೆಳಗೆ, ಆರನೆಯ ತರಗತಿ.