ಗಿರಣಿ ನಿಲ್ಲಿಸಿ ಹಾಕಿದ ವಿಂಡೋಸ್

ಈಗಲೂ ಎಲ್ಲಿಯಾದರೂ ಹಿಟ್ಟಿನ ಗಿರಣಿ ಶುರುವಾಗುವ ಸದ್ದು ಕೇಳಿದರೆ ನನ್ನ ಕಣ್ಣು ಮೊದಲು ಹೋಗುವುದು ಹತ್ತಿರದ ಬಲ್ಬಿನ ಕಡೆಗೆ. ಬೆಳಕು ಕುಗ್ಗಿತೇ, ಇಲ್ಲವೇ? ಕುಗ್ಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಉಸಿರು ಬಿಡುತ್ತೇನೆ. ಹೆಂಡತಿ ನಗುತ್ತಾಳೆ. "ಯುದ್ಧ ನೋಡಿ ಬಂದವರಂಗ ಮಾಡ್ತೀರಲ್ಲ" ಎನ್ನುತ್ತಾಳೆ. ಅವಳು ಆ ದಿನ ಖಾನಾಪುರದ ನಮ್ಮ ಮನೆಯಲ್ಲಿ ಇರಲಿಲ್ಲ. ನಾನಿದ್ದೆ.

ಗಿರಣಿ ಅಪ್ಪನದು. ಮನೆಗೆ ಅಂಟಿಕೊಂಡೇ ಇತ್ತು. ನಡುವೆ ಒಂದು ಗೋಡೆ, ಒಂದು ಬಾಗಿಲು. ಬಾಗಿಲಿನ ಈಚೆಗಿನ ಕೋಣೆಯಲ್ಲಿ ಮೊದಲು ಚೀಲ ಒಟ್ಟುತ್ತಿದ್ದೆವು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚೀಲಗಳ ಜಾಗಕ್ಕೆ ವೈನಿಯ ಕಂಪ್ಯೂಟರ್ ಬಂತು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಮದುವೆಗೆ ಮುಂಚೆ ಬೆಳಗಾವಿಯಲ್ಲಿ ಡಿಟಿಪಿ ಕಲಿತಿದ್ದರು. ಕನ್ನಡ, ಮರಾಠಿ ಎರಡನ್ನೂ ಕೀಲಿ ನೋಡದೆ ಟೈಪು ಮಾಡುವ ಕೈ. ಅಣ್ಣ ಜಾಂಬೋಟಿ ಕಡೆಯ ಬಸ್ಸಿನ ಕಂಡಕ್ಟರ್. ಹಗಲಿನಲ್ಲಿ ಮನೆಯಲ್ಲಿ ಸಿಗುವವನಲ್ಲ. ಕಂಪ್ಯೂಟರೇನೂ ಹೊಸದಲ್ಲ. ಬೆಳಗಾವಿಯ ಯಾವುದೋ ಆಫೀಸಿನವರು ಸಾಕಾಯಿತೆಂದು ಮಾರಿದ್ದು. ಒಳಗೆ ವಿಂಡೋಸ್ ತೊಂಬತ್ತೈದು, ಮೇಲೆ ದೊಡ್ಡ ಕುಂಬಳಕಾಯಿಯಂಥ ಮಾನಿಟರ್.

ಅಪ್ಪ ಕೋಣೆಯನ್ನು ಬಿಟ್ಟುಕೊಟ್ಟದ್ದು ಗಣೇಶ ಚವತಿಯವರೆಗಿನ ಒಂದು ಕರಾರಿನ ಮೇಲೆ.

"ಚವತಿ ಮಟಾ ನೋಡ್ತೇನಿ, ಯವ್ವಾ. ನಿನ್ನ ಕೆಲಸ ನಡದ್ರ ಖೋಲಿ ನಿಂದು. ಇಲ್ಲಂದ್ರ ಖಾರದ ಮಷಿನ್ನಿಂದು."

ಮೆಣಸಿನಕಾಯಿ ಕುಟ್ಟುವ ಆ ಮಷಿನ್ನಿನ ಆಸೆ ಅಪ್ಪನಿಗೆ ಬಹಳ ದಿನದ್ದು. ಅದರ ಬೋಲ್ಟು ಎಲ್ಲೆಲ್ಲಿ ಬರಬೇಕೆಂದು ಕೋಣೆಯ ನೆಲದ ಮೇಲೆ ಸುಣ್ಣದಿಂದ ಗುರುತು ಮಾಡಿಟ್ಟಿದ್ದ. ವೈನಿಯ ಕುರ್ಚಿ ಸರಿಯಾಗಿ ಆ ಗುರುತುಗಳ ನಡುವೆಯೇ ಇತ್ತು. ದಿನವೂ ಕಸ ಹೊಡೆಯುವಾಗ ಅವರು ಗುರುತಿನ ಸುತ್ತ ಕಸಬರಿಗೆ ಆಡಿಸಿ ಬಿಡುತ್ತಿದ್ದರು. ಅಳಿಸಬಾರದೇ ಎಂದರೆ, "ಅಳಿಸಿದ್ರ ಹೊಸ್ದಾಗಿ ಹಾಕ್ತಾರ. ಇರ್ಲಿ ಬಿಡ್ರಿ" ಎಂದು ನಗುತ್ತಿದ್ದರು.

ಆ ವರ್ಷ ಓಣಿಯ ಗಣಪತಿ ಮಂಡಳಿಯವರು ಕಾರ್ಯಕ್ರಮದ ಹಾಳೆ ಬಣ್ಣದಲ್ಲಿ ಬೇಕೆಂದರು. ಚವತಿಯ ಮುನ್ನಾದಿನ ಸಂಜೆಗೆ ಕೈಗೆ ಸಿಗಬೇಕು. ವೈನಿ ಒಪ್ಪಿಕೊಂಡೇಬಿಟ್ಟರು. ಅವರ ಕೋಣೆ ಉಳಿಯುವುದು ಈ ಒಂದು ಕೆಲಸದ ಮೇಲೆ ನಿಂತಿತ್ತು. ಆದರೆ ಬಣ್ಣದ ಪ್ರಿಂಟರಿಗೆ ವಿಂಡೋಸ್ ತೊಂಬತ್ತೆಂಟು ಬೇಕು ಎಂದು ಅದರ ಡಬ್ಬದ ಮೇಲೆಯೇ ಬರೆದಿತ್ತು.

ಬೆಳಗಾವಿಯಲ್ಲಿ ನೌಕರಿಯಲ್ಲಿದ್ದ ನಾನು ಪ್ರಿಂಟರನ್ನೂ ವಿಂಡೋಸಿನ ಸಿಡಿಯನ್ನೂ ಹಿಡಿದುಕೊಂಡು ಚವತಿಯ ಹಿಂದಿನ ದಿನ ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಡಬ್ಬ ತೊಡೆಯ ಮೇಲೆ. ದೇಸೂರಿನಲ್ಲಿ ಹತ್ತಿದ ಅಜ್ಜ ಎದುರು ಕುಳಿತು ಬಹಳ ಹೊತ್ತು ನೋಡಿದ.

"ಡಬ್ಬ್ಯಾಗ ಗಣಪತಿ ಏನ್ರೀ?"

"ಅಲ್ರೀ, ಪ್ರಿಂಟರ್."

"ಮತ್ತ ಅಷ್ಟು ಭಕ್ತಿಲೆ ಯಾಕ ಹಿಡ್ಕೊಂಡೀರಿ?"

ನಮ್ಮ ನಿಜವಾದ ತೊಡಕು ಕರೆಂಟಿನದು. ಗಿರಣಿಯ ಮೋಟರು ಶುರುವಾಗುವ ಗಳಿಗೆ ಓಣಿಯ ಕರೆಂಟನ್ನೆಲ್ಲ ಒಂದೇ ಗುಟುಕಿಗೆ ಕುಡಿಯುತ್ತಿತ್ತು. ಬಲ್ಬು ಕೆಂಪಗಾಗುತ್ತಿತ್ತು, ಕಂಪ್ಯೂಟರ್ ಆರಿ ಮತ್ತೆ ಹೊತ್ತುತ್ತಿತ್ತು. ಅಕ್ಕಿ ಮುಗಿದು ಜೋಳ ಬಂದರೆ ಗಿರಣಿ ನಿಲ್ಲಿಸಿ, ಕಲ್ಲು ಜಾಡಿಸಿ, ಮತ್ತೆ ಹಚ್ಚುವುದು ಅಪ್ಪನ ಪದ್ಧತಿ. ಹೀಗಾಗಿ ದಿನಕ್ಕೆ ಹಲವು ಸಲ ಈ ಆಟ. ಟೈಪು ಮಾಡಿದ್ದು ಹೋದರೆ ವೈನಿ ಮತ್ತೆ ಟೈಪು ಮಾಡುತ್ತಿದ್ದರು. ಆದರೆ ಹಳೆಯ ವಿಂಡೋಸ್ ಅರ್ಧ ಹೋಗಿ ಹೊಸದು ಅರ್ಧ ಬಂದ ಹೊತ್ತಿನಲ್ಲಿ ಕರೆಂಟು ಕುಗ್ಗಿದರೆ ಮಷಿನ್ನು ಎತ್ತಲೂ ಇಲ್ಲದಂತಾಗುತ್ತದೆ. ಯುಪಿಎಸ್ ಒಂದಿತ್ತು. ಅದರ ಬ್ಯಾಟರಿ ಸತ್ತು, ಚೀರುವುದೊಂದೇ ಅದಕ್ಕೆ ಉಳಿದ ಕೆಲಸವಾಗಿತ್ತು.

ಗಟ್ಟಿ ಕರೆಂಟು ನಮಗೆ ಸಿಗುತ್ತಿದ್ದದ್ದು ಮಧ್ಯಾಹ್ನ ಎರಡರವರೆಗೆ. ಆಮೇಲೆ ಪೂರ್ತಿ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬಡಕಲು ಕರೆಂಟು ಬರುತ್ತಿತ್ತು. ಅದರಲ್ಲಿ ಗಿರಣಿ ತಿರುಗದು. ಪ್ರಿಂಟು ತೆಗೆಯಬಹುದು, ಕೆಟ್ಟರೆ ಒಂದು ಹಾಳೆ ಕೆಟ್ಟೀತು. ವಿಂಡೋಸ್ ಬದಲಿಸುವ ಧೈರ್ಯ ಮಾತ್ರ ಆಗದು. ಅಂದರೆ ಓಣಿಯ ಅಕ್ಕಿಗೂ ವೈನಿಯ ಮಷಿನ್ನಿಗೂ ಬೇಕಾದದ್ದು ಒಂದೇ ಹೊತ್ತು.

ವೈನಿ ಸೆರಗು ಸರಿಮಾಡಿಕೊಂಡು ನಡುಬಾಗಿಲಲ್ಲಿ ನಿಂತರು.

"ಮಾವಾರ, ಒಂದ ತಾಸು ಗಿರಣಿ ಬಂದ್ ಇಡ್ತೀರೇನ್ರಿ?"

"ಇವತ್ತ? ನಾಳೆ ಚವತಿ ಐತಿ. ಹೊರಗ ನೋಡಿಯೇನು, ಡಬ್ಬಿ ಪಾಳಿ ಬಾವಿ ಮಟಾ ಹೋಗೇತಿ."

"ನೋಡೇನ್ರಿ."

"ಎಲ್ಲಾರ್ದೂ ಮೋದಕದ ಅಕ್ಕಿ."

"ನಂದೂ ಐತ್ರಿ, ಪಾಳ್ಯಾಗ. ಮೂರನೇ ಡಬ್ಬಿ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಒಂದ ತಾಸು. ಆಮ್ಯಾಲೆ ನಿನ್ನ ಮಷಿನ್ ಹೇಳಿದ್ರೂ ಕೇಳೂದಿಲ್ಲ" ಎಂದು ಸ್ಟಾರ್ಟರಿನ ಹಿಡಿಕೆ ಕೆಳಗಿಳಿಸಿದ. ಮೋಟರಿನ ಪಟ್ಟಾ ಸುಸ್ತಾದಂತೆ ತಿರುಗಿ ನಿಂತಿತು.

ಗಿರಣಿ ನಿಂತರೆ ಹೆಂಗಸರಿಗೆ ನೋಡಲು ಬೇರೆ ಏನಿದೆ? ಪಾಳಿಯ ಸಾಲಿನಲ್ಲಿ ಡಬ್ಬಿ ಬಿಟ್ಟು ಎಲ್ಲರೂ ಕೋಣೆಗೇ ಬಂದರು. ಮೊದಲ ಡಬ್ಬಿಯ ಒಡತಿ, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ಮರಾಠಿ ಮುದುಕಿ, ಬಂದಿದ್ದೇ ನನ್ನ ಕುರ್ಚಿ ಹಿಡಿದರು.

"ಹಳೇದ ತಗದು ಹೊಸಾದು ಹಾಕೂದೇನವಾ?"

"ಹೌದ್ರಿ ಕಾಕು."

"ಮತ್ತ ಹಳೇದು ಎಲ್ಲಿ ಹೋಗತೈತಿ?"

"ಅದರಾಗ ಕರಗಿ ಹೋಗತೈತ್ರಿ."

"ಹಾಂ! ಸೊಸಿ ಬಂದ ಮ್ಯಾಲೆ ಅತ್ತಿ ಕರಗಿದಂಗ!"

ವೈನಿ ಸಿಡಿ ಹಾಕಿದರು. ಪರದೆಯ ಇಂಗ್ಲಿಷನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂತು. ಕಷ್ಟಕಾಲಕ್ಕೆ ಇರಲೆಂದು ಮೊದಲು ಒಂದು ಖಾಲಿ ಫ್ಲಾಪಿ ಕೇಳಿತು. ವೈನಿ ಕೊಟ್ಟರು, ಅದಕ್ಕೆ ಬೇಕಾದದ್ದನ್ನು ಬರೆದುಕೊಂಡಿತು. ಆಮೇಲೆ ಇನ್ನೆಷ್ಟು ನಿಮಿಷ ಎಂದು ಮೂಲೆಯಲ್ಲಿ ತೋರಿಸತೊಡಗಿತು.

"ಎಷ್ಟಾತು?" ಕಾಕು ಕೇಳಿದರು.

"ಇಪ್ಪತ್ತು ನಿಮಿಷ ಉಳದೈತ್ರಿ."

ಒಬ್ಬರು ಹೋಗಿ ಮನೆಯ ಹಾಲು ಕಾಯಿಸಿ ಬಂದರು. "ಈಗ?"

"ಇಪ್ಪತ್ತು."

"ಆಗಲೂ ಇಪ್ಪತ್ತ ಅಂದ್ರಿ!"

"ನಾ ಅಲ್ರೀ, ಅದ ಅಂತೈತಿ."

"ನಮ್ಮ ಮನಿಯವರಂಗ ಐತಿ" ಎಂದರು ಕಾಕು. "ಈಗ ಬಂದೆ ಅಂತ ಹೋದ್ರ ಹೊತ್ತ ಮುಣಗತಿತ್ತು."

ತಾಸು ಮೀರಿತು. ಅಪ್ಪ ಬಾಗಿಲಿಗೆ ಬಂದು ನಿಂತ. ಬೈಯಲಿಲ್ಲ, ಪರದೆ ನೋಡುವುದು, ಪಾಳಿ ನೋಡುವುದು, ಮತ್ತೆ ಪರದೆ ನೋಡುವುದು.

ಅಲ್ಲಿಂದ ಮುಂದಿನದನ್ನು ನಾನು ಮನಸ್ಸಿನಲ್ಲಿ ಅದೆಷ್ಟು ಸಲ ಮತ್ತೆ ನೋಡಿದ್ದೇನೋ. ಹೊಸ ವಿಂಡೋಸ್ ಹಾಕುವಾಗ ನಡುವೆ ಮಷಿನ್ನು ತಾನೇ ಒಮ್ಮೆ ಆರಿ ಹೊತ್ತುತ್ತದೆ. ಪರದೆ ಕಪ್ಪಗಾಯಿತು. ನಾನೂ ವೈನಿಯೂ ಅದನ್ನೇ ನೋಡುತ್ತಿದ್ದೆವು. ಬೆನ್ನ ಹಿಂದೆ ಅಪ್ಪನ ಚಪ್ಪಲಿಯ ಸದ್ದು ದೂರವಾಯಿತು. ಪರದೆಯ ಮೇಲೆ ವಿಂಡೋಸ್ ಶುರುವಾಗುವಾಗ ಕಾಣುವ ಮೋಡಗಳು ಮೂಡಿದವು. ಗೋಡೆಯಾಚೆ ಸ್ಟಾರ್ಟರಿನ ಹಿಡಿಕೆ ಖಟ್ ಎಂದಿತು.

ಮೋಟರು ಶುರುವಾಗುವಾಗ ಎಷ್ಟೊಂದು ಕರೆಂಟು ಎಳೆಯುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿ, ಬರೆದು, ಪಾಸಾದವನು ನಾನು. ಆ ಓದಿನಿಂದಾದ ಉಪಯೋಗವೆಂದರೆ ಉಳಿದವರಿಗಿಂತ ಅರೆಗಳಿಗೆ ಮೊದಲೇ ನನಗೆ ಹೆದರಿಕೆಯಾದದ್ದು. ಬಲ್ಬು ಕೆಂಪಗಾಯಿತು. ಮೋಡಗಳು ನಡುಗಿ, ಅಂಗೈಯಷ್ಟಾಗಿ, ಮಾಯವಾದವು. ಯುಪಿಎಸ್ ಚೀರಿತು. ಅದಕ್ಕಿಂತ ಜೋರಾಗಿ ಚೀರಿದ್ದು ವೈನಿ.

"ಮಾವಾ! ಬಂದ್ ಮಾಡ್ರೀ!"

ಅಪ್ಪನೆದುರು ಅವರು ದನಿ ಎತ್ತಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಬಹುಶಃ ಅವರೂ ಕೇಳಿರಲಿಲ್ಲ. ಗಿರಣಿ ತಟ್ಟನೆ ನಿಂತಿತು. "ಅಗಬಾಯಿ!" ಎಂದು ಕಾಕು ಬಾಯಿಗೆ ಸೆರಗು ಹಿಡಿದರು. ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ.

"ಮುಗೀತು ಅನ್ಕೊಂಡೆ, ಯವ್ವಾ. ಟಿವಿ ಆರಿಸಿದಂಗ ಕರ್ರಗ ಆತಲ್ಲ."

ವೈನಿ ಮಷಿನ್ನು ಹಚ್ಚಿದರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು.

"ಏನಂತೈತಿ?" ಅಪ್ಪ ನನ್ನನ್ನು ಕೇಳಿದ.

"ಒಳಗ ಸಿಸ್ಟಮ್ ಇಲ್ಲ ಅಂತ."

ವೈನಿಯ ಕಣ್ಣು ಒಮ್ಮೆ ನೆಲದ ಸುಣ್ಣದ ಗುರುತಿನ ಮೇಲೆ ಹೋಗಿ ಬಂದದ್ದನ್ನು ನಾನು ನೋಡಿದೆ. ಆಮೇಲೆ ಅಂಗೈ ಬೆವರನ್ನು ಸೀರೆಗೆ ಒರೆಸಿಕೊಂಡು, ಕಷ್ಟಕಾಲದ ಆ ಫ್ಲಾಪಿಯನ್ನು ಎತ್ತಿ ಹಾಕಿದರು. ಅದು ಮೆಲುಕು ಹಾಕುವ ಎಮ್ಮೆಯ ಹಾಗೆ ಗುರುಗುರು ಎಂದಿತು. ಸಿಡಿ ತಿರುಗಿತು. ವಿಂಡೋಸ್ ಹಾಕುವಾಗಿನ ನೀಲಿ ಪರದೆ ಮತ್ತೆ ಬಂದು ಒಂದು ಪ್ರಶ್ನೆ ಕೇಳಿತು. ನಾನು ಎಲ್ಲರಿಗೂ ಕೇಳುವಂತೆ ಓದಿದೆ: "ಹಿಂದಕ ಅರ್ಧಕ್ಕ ನಿಂತಿತ್ತು, ಸರಿ ಮಾಡ್ಕೊಂಡು ಮುಂದ ಹೋಗ್ಲೇನು ಅಂತ ಕೇಳ್ತೈತಿ."

"ಕೇಳೂದೇನ ಬಂತು? ಹೋಗಂತ ಹೇಳ!" ಎಂದರು ಕಾಕು.

ಗಂಟೆ ಒಂದು ದಾಟಿತ್ತು. ಅಪ್ಪ ಒಂದು ಚೀಲ ಎಳೆದು ನಡುಬಾಗಿಲಿಗೆ ಅಡ್ಡ ಹಾಕಿ ಅದರ ಮೇಲೆ ಕುಳಿತುಬಿಟ್ಟ.

"ಇದು ಆಗೂ ಮಟಾ ಯಾರೂ ಹಚ್ಚೂದಿಲ್ಲ. ನಾನೂ ಹಚ್ಚೂದಿಲ್ಲ."

"ಎರಡಕ್ಕ ಕರೆಂಟ್ ಹೋದ್ರ ನಮ್ಮ ಅಕ್ಕಿ?" ಹಿಂದಿನಿಂದ ಯಾರೋ ಕೇಳಿದರು.

"ಮನ್ಯಾಗ ಬೀಸೂಕಲ್ಲ ಐತಿ. ನಾನ ಕುಂತು ಬೀಸಿ ಕೊಡ್ತೇನಿ."

"ಅಯ್ಯ, ನೀವು ಬೀಸೂದು ನೋಡಾಕರ ಕರೆಂಟ್ ಹೋಗ್ಲಿ!"

ನಕ್ಕರು ಎಲ್ಲರೂ. ಆದರೆ ಪರದೆ ಇನ್ನೊಮ್ಮೆ ಕಪ್ಪಗಾದಾಗ ಒಬ್ಬರೂ ನಗಲಿಲ್ಲ. ಅಪ್ಪ ಚೀಲವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ, ಎಲ್ಲಿ ತಾನೇ ಎದ್ದು ಹೋಗಿಬಿಡುತ್ತೇನೋ ಎಂಬಂತೆ. ಮೋಡ ಬಂತು. ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಸಣ್ಣ ಸ್ಪೀಕರಿನಿಂದ ಯಾರೂ ಕೇಳಿರದ ಹೊಸ ನಾದವೊಂದು ಹೊರಟಿತು, ಪರದೆಯ ತುಂಬ ಬೆಳಕಾಯಿತು.

ವೈನಿಯ ಕೈ ಚಪ್ಪಾಳೆಗೆ ಹೋಗಲಿಲ್ಲ. ಮೊದಲು ಮಂಡಳಿಯ ಹಾಳೆ ತೆರೆದು ಕನ್ನಡ ನೋಡಿದರು, ಮರಾಠಿ ನೋಡಿದರು. ಒಂದಕ್ಷರವೂ ಮುಕ್ಕಾಗಿರಲಿಲ್ಲ. ಮಷಿನ್ನನ್ನು ಸರಿಯಾಗಿ ಆರಿಸಿ, ನಂಬಿಕೆ ಸಾಲದೆ ಪ್ಲಗ್ಗನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೇಳಿದರು:

"ಈಗ ಹಚ್ರಿ, ಮಾವಾರ."

ಅಪ್ಪ ಅಷ್ಟು ಚುರುಕಾಗಿ ಬೀಸಿದ್ದನ್ನು ನಾನು ಮತ್ತೆ ನೋಡಿಲ್ಲ. ವೈನಿ ತಮ್ಮ ಡಬ್ಬಿಯನ್ನು ತಾವೇ ಪಾಳಿಯ ಕೊನೆಗೆ ಒಯ್ದಿಟ್ಟರು. ಕರೆಂಟು ಹೋದಾಗ ಉಳಿದದ್ದು ಅದೊಂದೇ ಡಬ್ಬಿ. ನಮ್ಮ ಮನೆಯ ಮೋದಕದ ಚಿಂತೆ ಹೆಚ್ಚು ಹೊತ್ತು ಉಳಿಯಲಿಲ್ಲ. ಕಾಕು ಒಂದು ಪಾತೇಲಿ ತುಂಬ ಹಿಟ್ಟು ತಂದಿಟ್ಟು, "ನಿನ್ನ ಮಷಿನ್ನಿನ ಪಾಲು" ಎಂದು ಹೇಳಿ ಹೋದರು.

ಸಂಜೆಯ ಬಡಕಲು ಕರೆಂಟಿನಲ್ಲಿ ಪ್ರಿಂಟರು ಗೊಣಗುತ್ತ ಗೊಣಗುತ್ತ ಹಾಳೆ ಉಗುಳಿತು. ಕೇಸರಿ ಬಣ್ಣ ಸ್ವಲ್ಪ ಹೆಚ್ಚೇ ಕೆಂಪಾಗಿತ್ತು. ಮಂಡಳಿಯವರಿಗೆ ಅದೇ ಹಿಡಿಸಿತು. ಅವರು ಹೋದ ಮೇಲೆ ಅಪ್ಪ ಬಂದು ನಿಂತ.

"ನನಗೂ ಒಂದ ಹಾಳಿ ತಗದು ಕೊಡವಾ. 'ಒಳಗ ಕೇಳಿ ಹಚ್ಚಬೇಕು' ಅಂತ. ದೊಡ್ಡ ಅಕ್ಷರದಾಗ."

"ಯಾರಿಗ್ರಿ ಇದು? ಹಚ್ಚಾವ್ರು ನೀವೊಬ್ರ ಅದೀರಲ್ಲ."

"ನನಗ."

ಹೂಬಳ್ಳಿಯ ಅಂಚಿನ ಆ ಹಾಳೆ ಸ್ಟಾರ್ಟರಿನ ಮೇಲೆ ಹಿಟ್ಟು ತಿಂದು ತಿಂದು ಬೆಳ್ಳಗಾಗುವವರೆಗೂ ಇತ್ತು. ಖಾರದ ಮಷಿನ್ನು ಹಿತ್ತಲಿನ ಶೆಡ್ಡಿಗೆ ಹೋಯಿತು. ಸುಣ್ಣದ ಗುರುತುಗಳು ವೈನಿಯ ಕುರ್ಚಿಯ ಕೆಳಗೆ ತಾವಾಗಿಯೇ ಸವೆದು ಹೋದವು.

ಊರಿಗೆ ಹೋದಾಗ ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದು ಅಪ್ಪನ ದನಿಯಿಂದ. ಕಂಪ್ಯೂಟರ್ ಇನ್ನೂ ಮುಸುಕು ಹೊದ್ದುಕೊಂಡಿರುತ್ತಿತ್ತು, ವೈನಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದರು. ಆದರೂ ಅಪ್ಪ ಹಿಡಿಕೆಯ ಮೇಲೆ ಕೈಯಿಟ್ಟು ಕೂಗುತ್ತಿದ್ದ:

"ಏನವಾ, ಹಚ್ಚಲೇನು?"

"ಹಚ್ರಿ, ಮಾವಾರ."

ಬಲ್ಬು ಒಮ್ಮೆ ಕುಗ್ಗಿ ಏಳುತ್ತಿತ್ತು. ಹಾಸಿಗೆಯಲ್ಲಿದ್ದ ನನ್ನ ಎದೆಯೂ.